ಮಂಡಗದ್ದೇಲಿ ಒಂದ್ ಹಕ್ಕೀನೂ ಇಲ್ಲ, ನಮ್ಮ ತೋಟದಲ್ಲಿ ಒಂದು ಬಾಲ ಅಲ್ಲಾಡಿಸ್ತಾ ಕೂತಿದೆ, ಇದ್ಯಾವ್ದು ಹೇಳಿ

ಸೋಗೆಅಂಗಳ:

ಎಲ್ರಿಗೂ ನಮಸ್ಕಾರ. ನಂಗೆ ಹಕ್ಕಿ ಬಗ್ಗೆ ಎಂತದೂ ಗೊತ್ತಿಲ್ಲ, ಅದನ್ನ ಮೊದ್ಲೇ ಹೇಳ್ಬಿಡ್ತೀನಿ, ಆಮೇಲೆ ನಗಬೇಡಿ. ನಮ್ಮೂರು ಹೊಸನಗರಕ್ಕೂ ತೀರ್ಥಹಳ್ಳಿಗೂ ಮಧ್ಯ ಒಂದು ಸಣ್ಣ ಹಳ್ಳಿ. ಬೆಂಗಳೂರಿನ ಕಂಪನಿ ಕೆಲ್ಸ ಮನೆಯಿಂದ್ಲೇ ಮಾಡ್ತಾ ಇದೀನಿ, ನೆಟ್‌ವರ್ಕ್ ಸರಿಯಾಗಿ ಸಿಗೋದು ಅಡಿಕೆ ಅಂಗಳದ ಮೂಲೇಲಿ ಮಾತ್ರ, ಹಂಗಾಗಿ ಬೆಳಗಿನ ಮೀಟಿಂಗ್ ಎಲ್ಲ ಅಲ್ಲೇ, ತೋಟದ ಕಡೆ ಮುಖ ಮಾಡ್ಕೊಂಡು, ಕ್ಯಾಮೆರಾ ಆಫ್ ಮಾಡ್ಕೊಂಡು.

ವಿಷ್ಯ ಏನಂದ್ರೆ ದಸರಾ ಮುಗಿದು ಮಳೆ ಕಮ್ಮಿ ಆದ್ಮೇಲೆ ಒಂದು ಸಣ್ಣ ಹಕ್ಕಿ ಬರಕ್ಕೆ ಶುರುವಾಗಿದೆ, ಗುಬ್ಬಿಗಿಂತ ಸ್ವಲ್ಪ ಉದ್ದ, ತೆಳ್ಳಗೆ, ನಿಂತಲ್ಲಿ ನಿಲ್ಲೋದೇ ಇಲ್ಲ, ಬಾಲ ಅಲ್ಲಾಡಿಸ್ತಾನೇ ಇರುತ್ತೆ. ಬಚ್ಚಲ ನೀರು ಹೋಗೋ ಕಾಲುವೆ ಹತ್ರ ದಿನಾ ಬೆಳಿಗ್ಗೆ ಒಂದು. ತೋಟದ ಒಳಗೆ ಬಿದ್ದ ಸೋಗೆ, ಒಣಗಿದೆಲೆ ದರಗಿನ ಮೇಲೆ ಒಂದು. ಎರಡೂ ಒಂದೇ ಹಕ್ಕೀನಾ ಅಲ್ಲಿಂದ ಇಲ್ಲಿಗೆ ಓಡಾಡ್ತಿದ್ಯಾ ಗೊತ್ತಾಗ್ತಿಲ್ಲ. ಅಮ್ಮನ್ನ ಕೇಳಿದ್ರೆ "ಅದು ವರ್ಷಾ ವರ್ಷಾ ಬತ್ತದಲ, ಈಗ ಕಂಡಿದ್ದಾ ನಿಂಗೆ" ಅಂದ್ರು. ಮೂವತ್ತನಾಲ್ಕು ವರ್ಷ ಆಯ್ತು ನಂಗೆ, ಈಗ ಕಂಡಿದ್ದು ಹೌದು.

ಇನ್ನೊಂದು ಬೇಜಾರಿನ ಕಥೆ. ಈ ಹುಚ್ಚು ಹಿಡಿದಿದ್ದೇ ಹಿಡಿದಿದ್ದು, ದೀಪಾವಳಿ ಕಳೆದ ಭಾನುವಾರ ಅಕ್ಕನ ಮಕ್ಕಳನ್ನೂ ಕಟ್ಕೊಂಡು ಮಂಡಗದ್ದೆ ಪಕ್ಷಿಧಾಮಕ್ಕೆ ಹೋದೆ. ಸಾವಿರ ಹಕ್ಕಿ ಇರುತ್ತೆ ಅಂತ ಮಕ್ಕಳಿಗೆ ಕಥೆ ಹೊಡೆದು ಕರ್ಕೊಂಡು ಹೋಗಿದ್ದು. ನದಿ ಮಧ್ಯ ಮರ ಇದೆ, ಮರದ ಮೇಲೆ ಹಳೇ ಗೂಡಿದೆ, ಹಕ್ಕಿ ಇಲ್ಲ. ಒಂದು ನೀರುಕಾಗೆ ರೆಕ್ಕೆ ಬಿಚ್ಕೊಂಡು ಬಿಸಿಲು ಕಾಯಿಸ್ತಾ ಇತ್ತು ಅಷ್ಟೇ. ಸಣ್ಣವಳು "ಮಾವ, ಸಾವಿರದಲ್ಲಿ ಇದು ಎಷ್ಟನೇದು" ಅಂತ ಕೇಳಿದ್ಲು. ವಾಪಸ್ ಬರ್ತಾ ದಾರೀಲಿ ಮಿರ್ಚಿ ಬಜ್ಜಿ ಕೊಡಿಸಿ ಸಮಾಧಾನ ಮಾಡಿದ್ದಾಯ್ತು.

ಪ್ರಶ್ನೆ ಮೂರು. ಆ ಹಕ್ಕಿ ಯಾವುದು. ಮಂಡಗದ್ದೆ ಹಕ್ಕಿಗಳೆಲ್ಲ ಎಲ್ಲಿಗೆ ಹೋದ್ವು, ಈ ನವೆಂಬರ್ ಡಿಸೆಂಬರಲ್ಲಿ ನಮ್ಮ ಕಡೆ ಎಲ್ಲಿ ನೋಡ್ಬೇಕು. ಬೈನಾಕ್ಯುಲರ್ ತಗೊಳೋದಾದ್ರೆ ಯಾವ್ದು, ಅಪ್ಪಯ್ಯನ ಹತ್ರ ಬೈಸ್ಕೊಳದೇ ಇರೋ ರೇಟಲ್ಲಿ.

ಗಾಜನೂರು ಹಿನ್ನೀರು:

ಮಾರಾಯ್ರೆ, ಮಂಡಗದ್ದೆಗೆ ದೀಪಾವಳಿ ಕಳೆದ್ಮೇಲೆ ಹೋದ್ರೆ ಜಾತ್ರೆ ಮುಗಿದ ಮಾರನೇ ದಿನ ತೇರು ನೋಡಕ್ಕೆ ಹೋದಂಗೆ. ಅಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಇವೆಲ್ಲ ಬರೋದು ಗೂಡು ಕಟ್ಟಕ್ಕೆ ಅಷ್ಟೇ. ಮಳೆಗಾಲದಲ್ಲಿ ತುಂಗೆ ತುಂಬಿ ಸುತ್ತ ನೀರಿರುತ್ತಲ್ಲ, ಆ ನಡುಗಡ್ಡೆ ಮೇಲಿನ ಮರಕ್ಕೆ ಬೆಕ್ಕು ಮನುಷ್ಯ ಯಾರೂ ಹೋಗಕ್ಕಾಗಲ್ಲ, ಅದಕ್ಕೇ ಅಲ್ಲೇ ಬಾಣಂತನ. ಜುಲೈಯಿಂದ ಅಕ್ಟೋಬರ್ ಒಳಗೆ ಮರಿ ಹಾರಿಸ್ಕೊಂಡು ಬಾಡಿಗೆ ಮನೆ ಖಾಲಿ. ಎಲ್ಲೂ ದೂರ ಹೋಗಿಲ್ಲ, ಗದ್ದೆ ಬಯಲಲ್ಲಿ, ಕೆರೇಲಿ, ನಮ್ಮ ಹಿನ್ನೀರಲ್ಲಿ ಹರಡ್ಕೊಂಡಿವೆ. ನಿಮ್ಮೂರ ಗದ್ದೆ ಕೊಯ್ಲಲ್ಲಿ ಕೊಯ್ಯೋರ ಹಿಂದೇನೇ ಓಡಾಡ್ತಿರೋ ಬೆಳ್ಳಕ್ಕೀಲಿ ನಾಕು ಅಲ್ಲೀವೇ ಇರ್ಬೋದು.

ಸೊರಬದ ಗುಡವಿ ಪಕ್ಷಿಧಾಮ ಕೂಡ ಹೆಚ್ಚುಕಮ್ಮಿ ಅದೇ ಲೆಕ್ಕ, ಆದ್ರೆ ಅಲ್ಲಿ ಕೆಂಬರಲು ಹಕ್ಕಿ ಮರಿಗಳು ಸ್ವಲ್ಪ ತಡವಾಗಿ ಹಾರ್ತಾವೆ, ನವೆಂಬರ್ ಶುರೂಲಿ ಹೋದ್ರೆ ಕಡೇ ಆಟ ಸಿಗ್ಬೋದು.

ಬಾಲ ಅಲ್ಲಾಡಿಸೋದು ಬೂದು ಸಿಪಿಲೆ. ನಮ್ಮಜ್ಜಿ ಕುಂಡೆಕುಸ್ಕ ಅಂತಿದ್ರು, ಹೆಸರಲ್ಲೇ ಎಲ್ಲ ಇದೆ. ಗ್ರೇ ವ್ಯಾಗ್‌ಟೇಲ್.

ಮೇಷ್ಟ್ರು ನಿವೃತ್ತ:

ಸ್ವಲ್ಪ ತಡೀರಿ ಹಿನ್ನೀರಿನವರೇ, ಅವಸರದಲ್ಲಿ ಎರಡಕ್ಕೂ ಒಂದೇ ಹಣೆಪಟ್ಟಿ ಅಂಟಿಸ್ಬೇಡಿ. ಕಾಲುವೆ ಹತ್ರದ್ದು ನೀವು ಹೇಳಿದ್ದೇ ಇರ್ಬೋದು, ತೋಟದೊಳಗಿಂದು ನಂಗೆ ಅನುಮಾನ.

ಸೋಗೆಅಂಗಳ ಅವ್ರೆ, ನಾಳೆ ಬೆಳಿಗ್ಗೆ ಒಂದೇ ಒಂದು ಕೆಲ್ಸ ಮಾಡಿ. ಬಣ್ಣ ಬಿಡಿ, ಬಣ್ಣ ನೋಡಕ್ಕೆ ಹೋದ್ರೆ ಬೆಳಕು ಮೋಸ ಮಾಡುತ್ತೆ. ಬಾಲ ಯಾವ ಕಡೆ ಅಲ್ಲಾಡುತ್ತೆ ನೋಡಿ. ಮೇಲೆ ಕೆಳಗೆ ಮೇಲೆ ಕೆಳಗೆ, ಯಾರೋ ಕೇಳಿದ್ದಕ್ಕೆಲ್ಲ ಹೂಂ ಹೂಂ ಅನ್ನೋ ಥರ ಇದ್ರೆ ಬೂದು ಸಿಪಿಲೆ. ದನ ನೊಣ ಹೊಡ್ಯೋ ಥರ ಎಡಕ್ಕೆ ಬಲಕ್ಕೆ, ಬಾಲದ ಜೊತೆ ಹಿಂಭಾಗಾನೂ ಸೇರಿ ತೂಗಿದ್ರೆ ಬೇರೆ ಹಕ್ಕಿ, ಆಮೇಲೆ ಹೇಳ್ತೀನಿ. ಎದೆ ಮೇಲೆ ಕಪ್ಪು ಪಟ್ಟಿ ಇದ್ಯಾ, ಓಡಿಸಿದ್ರೆ ದೂರ ಹಾರುತ್ತಾ ಇಲ್ಲ ಪಕ್ಕದ ಮರದ ಕೊಂಬೆ ಮೇಲೆ ಕೂತು ಕೊಂಬೆ ಮೇಲೇ ನಡ್ಯಕ್ಕೆ ಶುರು ಮಾಡುತ್ತಾ, ಅದೂ ನೋಡಿ.

ಎಲ್ಲಿ ನೋಡ್ಬೇಕು ಅನ್ನೋದಕ್ಕೆ ನನ್ನ ಉತ್ತರ, ಎಲ್ಲೂ ಹೋಗ್ಬೇಡಿ. ತಮಾಷೆ ಅಲ್ಲ. ಈ ಕಾರ್ತೀಕ ಮಾರ್ಗಶಿರದ ದಿನಗಳಲ್ಲಿ ಪಕ್ಷಿಧಾಮಗಳು ಖಾಲಿ, ಹಿತ್ತಲು ತುಂಬಿರುತ್ತೆ. ಮಳೆಗಾಲದಲ್ಲಿ ಹಕ್ಕಿಗಳು ಗೂಡು ಮರಿ ಅಂತ ಒಂದು ಜಾಗಕ್ಕೆ ಕಟ್ಟುಬಿದ್ದಿರ್ತಾವೆ, ಈಗ ಆ ಜವಾಬ್ದಾರಿ ಇಲ್ಲ, ಸಂತೆಗೆ ಹೊರಟಂಗೆ ಗುಂಪು ಕಟ್ಕೊಂಡು ತಿರುಗ್ತಾವೆ. ಅದರ ಮೇಲೆ ಉತ್ತರದಿಂದ ಬಂದ ನೆಂಟ್ರು ಬೇರೆ.

ನಿಮ್ಮ ತೋಟಕ್ಕೂ ಸೊಪ್ಪು ತರೋ ಕಾಡಿಗೂ, ಅದೇ ಸೊಪ್ಪಿನ ಬೆಟ್ಟಕ್ಕೂ, ಗಡಿ ಇರುತ್ತಲ್ಲ, ಆ ಬೇಲಿ ಹತ್ರ ಒಂದು ಕಲ್ಲಿನ ಮೇಲೆ ಕೂತ್ಕೊಳ್ಳಿ. ಮೊದಲ ಅರ್ಧ ಗಂಟೆ ಏನೂ ಇರಲ್ಲ, ಒಂದು ಎಲೇನೂ ಅಲ್ಲಾಡಲ್ಲ, ಎದ್ದು ಹೋಗಿ ಕಾಫಿ ಕುಡಿಯೋಣ ಅನ್ನಿಸುತ್ತೆ. ಆಗ ಬರುತ್ತೆ ಮಿಶ್ರ ಗುಂಪು. ಮೇಲಿನ ಕೊಂಬೇಲಿ ಕೆಂಪು ಕಪ್ಪು ಚಿತ್ರಪಕ್ಷಿ, ಕಾಂಡದಲ್ಲಿ ಮರಕುಟಿಗ, ಎಲೆ ಸಂದೀಲಿ ಹೆಸರು ಹೇಳಕ್ಕೂ ಟೈಮ್ ಕೊಡದೇ ಇರೋ ಸಣ್ಣ ಸಣ್ಣ ಹಸಿರು ಹಕ್ಕಿ, ಇವ್ರಿಗೆಲ್ಲ ಯಜಮಾನನ ಥರ ಎರಡು ಉದ್ದ ದಾರಕ್ಕೆ ಗರಿ ಕಟ್ಟಿದಂಥ ಬಾಲದ ಭೀಮರಾಜ. ಹತ್ತು ನಿಮಿಷ ಗಲಾಟೆ, ಆಮೇಲೆ ಮತ್ತೆ ನಿಶ್ಶಬ್ದ. ಒಂದೇ ಜಾತಿ ಅಲ್ಲದಿದ್ರೂ ಯಾಕೆ ಒಟ್ಟಿಗೆ ಹೋಗ್ತಾವೆ ಅಂದ್ರೆ, ಗಿಡುಗ ಬಂದ್ರೆ ನೋಡಕ್ಕೆ ಕಣ್ಣು ಜಾಸ್ತಿ ಇರುತ್ತೆ, ಒಬ್ಬ ಎಲೆ ಅಲ್ಲಾಡಿಸಿದಾಗ ಎದ್ದ ಹುಳ ಇನ್ನೊಬ್ಬನಿಗೆ ಸಿಗುತ್ತೆ. ಭೀಮರಾಜನ ವಿಷ್ಯ ಬೇರೆ, ಅವನು ಪೊಲೀಸೂ ಹೌದು ಕಳ್ಳನೂ ಹೌದು. ಅಪಾಯ ಬಂದಾಗ ಮೊದ್ಲು ಕೂಗೋದು ಅವನೇ, ಯಾರಾದ್ರೂ ದಪ್ಪ ಹುಳ ಹಿಡಿದಾಗ ಕಿತ್ಕೊಳ್ಳೋದೂ ಅವನೇ.

ಇನ್ನೊಂದು, ಊರಲ್ಲಿ ಯಾವ ಗೋಳಿ ಮರ, ಬಸರಿ ಮರ, ಅತ್ತಿ ಮರ ಹಣ್ಣಾಗಿದೆ ವಿಚಾರಿಸಿ. ಕಾಡಲ್ಲಿ ಐದು ಮೈಲಿ ಅಲೆಯೋದಕ್ಕಿಂತ ಹಣ್ಣಾದ ಒಂದು ಮರದ ಕೆಳಗೆ ಒಂದು ಗಂಟೆ ಮೇಲು. ಕುಟುರ, ಕಾಮಳ್ಳಿ, ಹಸಿರು ಪಾರಿವಾಳ, ಅದೃಷ್ಟ ಇದ್ರೆ ಮಂಗಟ್ಟೆ. ನಮ್ಮ ಮಲೆನಾಡಿನ ಸಣ್ಣ ಬೂದು ಮಂಗಟ್ಟೆ ಕೂಗು ಕೇಳಿದ್ರೆ ಯಾರೋ ಮುದುಕ ಕೆಮ್ಮಿ ಕೆಮ್ಮಿ ನಕ್ಕಂಗೆ ಇರುತ್ತೆ, ಮೊದಲ ಸಲ ಕೇಳಿದಾಗ ನಾನೇ ತಿರುಗಿ ನೋಡಿದ್ದೆ.

ಹೊತ್ತಿನ ವಿಷ್ಯ. ಪುಸ್ತಕದಲ್ಲೆಲ್ಲ ಸೂರ್ಯ ಹುಟ್ಟೋ ಮುಂಚೆ ಹೋಗಿ ಅಂತಿರುತ್ತೆ. ನಮ್ಮಲ್ಲಿ ನವೆಂಬರಲ್ಲಿ ಆರೂವರೆಗೆ ಹೋದ್ರೆ ಮಂಜಲ್ಲಿ ಎದುರಿಗಿರೋ ಅಡಿಕೆ ಮರಾನೇ ಕಾಣಲ್ಲ, ಹಕ್ಕಿ ಹೇಗೆ ಕಾಣುತ್ತೆ. ಹಕ್ಕಿಗಳೂ ಇಬ್ಬನಿ ಇಳಿಯೋವರೆಗೆ ಉಬ್ಬಿಕೊಂಡು ಕೂತಿರ್ತಾವೆ. ಏಳೂವರೆಯಿಂದ ಒಂಬತ್ತೂವರೆ ಒಳ್ಳೇ ಟೈಮು. ಬಿಸಿಲು ಮೊದ್ಲು ಬೀಳೋ ಮರದ ತುದಿ ಯಾವುದು ನೋಡಿಟ್ಕೊಳ್ಳಿ, ಎಲ್ಲಾ ಅಲ್ಲಿಗೇ ಬರ್ತಾವೆ.

ಸೋಗೆಅಂಗಳ:

ಮೇಷ್ಟ್ರೇ ಎಡಕ್ಕೆ ಬಲಕ್ಕೆ!!! ತೋಟದ್ದು ಎಡಕ್ಕೆ ಬಲಕ್ಕೆ!

ಇವತ್ತು ಬೆಳಿಗ್ಗೆ ಸ್ಟ್ಯಾಂಡಪ್ ಮೀಟಿಂಗ್ ನಡೀತಿರೋವಾಗ್ಲೇ ಮ್ಯೂಟ್ ಮಾಡ್ಕೊಂಡು ತೋಟಕ್ಕೆ ಇಳಿದೆ. ಬಸಿಗಾಲುವೆ ಪಕ್ಕ ಒದ್ದೆ ದರಗಿನ ಮೇಲೆ ಇತ್ತು, ನಾನು ಹತ್ತು ಹನ್ನೆರಡು ಅಡಿ ದೂರ ನಿಂತೆ. ಮೊದ್ಲು ಏನೂ ಕಾಣಲಿಲ್ಲ ಯಾಕಂದ್ರೆ ಬೆನ್ನು ಒಣಗಿದ ಎಲೆ ಬಣ್ಣದ್ದೇ, ಕಂದು ಹಸಿರು ಮಿಕ್ಸ್. ಅಲ್ಲಾಡಿದಾಗ ಮಾತ್ರ ಇದೆ ಅಂತ ಗೊತ್ತಾಗೋದು. ಎದೆ ಬಿಳಿ, ಅದರ ಮೇಲೆ ಎರಡು ಕಪ್ಪು ಪಟ್ಟಿ, ಮೇಲಿನದ್ದು ಸರ ಹಾಕ್ಕೊಂಡಂಗೆ ಪೂರ್ತಿ ಇದೆ, ಕೆಳಗಿನದ್ದು ಮಧ್ಯ ತುಂಡಾಗಿದೆ. ರೆಕ್ಕೆ ಮೇಲೆ ತೆಳು ಹಳದಿ ಬಿಳಿ ಪಟ್ಟಿ. ನಡೀತಾ ನಡೀತಾ ಒಂದು ಎಲೆ ಕೊಕ್ಕಲ್ಲಿ ಹಿಡಿದು ಮಗುಚಿ ಹಾಕ್ತು, ಕೆಳಗಿಂದ ಎಂತದೋ ಹುಳ ತಿಂತು, ಮತ್ತೆ ನಾಕು ಹೆಜ್ಜೆ, ಪೂರ್ತಿ ಹಿಂಭಾಗ ತೂಗ್ತಾ. ಮ್ಯಾನೇಜರ್ ಹೆಸರು ಕೂಗಿದ್ರು, ನಾನು ಅನ್‌ಮ್ಯೂಟ್ ಮಾಡಿ "ಹಾಂ ಯೆಸ್" ಅಂದಿದ್ದಕ್ಕೆ ಹಾರಿ ಪಕ್ಕದ ಕೋಕೋ ಗಿಡದ ಕೊಂಬೆ ಮೇಲೆ ಕೂತು, ನೀವು ಹೇಳಿದಂಗೇ ಕೊಂಬೆ ಮೇಲೆ ನಡ್ಯಕ್ಕೆ ಶುರು ಮಾಡ್ತು!

ಕಾಲುವೆದು ಮೇಲೆ ಕೆಳಗೆ. ಬಾಲದ ಕೆಳಗೆ ಹಳದಿ ಇದೆ. ಅಂದ್ರೆ ಎರಡು ಬೇರೆ ಬೇರೆ. ಈಗ ಹೆಸರು ಹೇಳಿ.

ಮೇಷ್ಟ್ರು ನಿವೃತ್ತ:

ಕಾಡು ಸಿಪಿಲೆ, ಫಾರೆಸ್ಟ್ ವ್ಯಾಗ್‌ಟೇಲ್. ಸಿಪಿಲೆಗಳ ಕುಟುಂಬದಲ್ಲಿ ಇದೊಂದೇ ಹಿಂಗೆ ಅಡ್ಡಡ್ಡ ತೂಗೋದು. ಬೇರೆ ಸಿಪಿಲೆಗಳು ನೆಲದ ಹತ್ರ, ಕಲ್ಲಿನ ಸಂದು, ದಡದ ಬಿರುಕಲ್ಲಿ ಗೂಡು ಮಾಡಿದ್ರೆ ಇದು ಮರದ ಕೊಂಬೆ ಮೇಲೆ ಮಾಡುತ್ತೆ, ಕೊಂಬೆ ಮೇಲೆ ನಡೆಯೋದು ಅದಕ್ಕೇ ಅಭ್ಯಾಸ. ಆದ್ರೆ ಗೂಡು ಇಲ್ಲಿ ಅಲ್ಲ. ಕೊರಿಯಾ, ಚೀನಾ, ಸೈಬೀರಿಯಾದ ಪೂರ್ವದ ತುದಿ ಆ ಕಡೆ ಮರಿ ಮಾಡ್ಕೊಂಡು ಚಳಿಗಾಲಕ್ಕೆ ನಿಮ್ಮ ತೋಟಕ್ಕೆ ಬಂದಿದೆ. ನೆರಳು, ಒದ್ದೆ ನೆಲ, ಕೊಳೀತಿರೋ ಎಲೆ, ಇವು ಮೂರು ಇರೋ ಕಡೆ ಇರುತ್ತೆ, ಅಡಿಕೆ ತೋಟ ಕಾಫಿ ತೋಟ ಅಂದ್ರೆ ಪ್ರಾಣ. "ಪಿಂಕ್ ಪಿಂಕ್" ಅಂತ ಚೂಪಾಗಿ ಕೂಗುತ್ತೆ, ಕೇಳಿಸ್ಕೊಳ್ಳಿ.

ಬೂದು ಸಿಪಿಲೆ ಹಿಮಾಲಯದ ಕಡೆಯಿಂದ, ಅದಕ್ಕೂ ಆಚೆಯಿಂದ ಬರೋದು. ನಮ್ಮಲ್ಲಿ ಮೊದ್ಲು ಬರೋ ವಲಸೆ ಹಕ್ಕಿಗಳಲ್ಲಿ ಅದೂ ಒಂದು, ಸೆಪ್ಟೆಂಬರಲ್ಲೇ ಹಾಜರ್. ನೀವು ದಸರಾ ಆದ್ಮೇಲೆ ನೋಡಿದ್ದೀರಿ, ಅದು ಅದಕ್ಕೂ ಮುಂಚೇನೇ ನಿಮ್ಮನ್ನ ನೋಡಿರುತ್ತೆ. ಒಂದು ಸಲ ಹಿಡಿದ ಜಾಗಕ್ಕೇ ಮುಂದಿನ ವರ್ಷಾನೂ ಬರೋದುಂಟು, ಅಂಗೈಯಗಲದ ಜಾಗ ಆದ್ರೂ ಸರಿ. ಹಂಗಾಗಿ ನಿಮ್ಮಮ್ಮ ಹೇಳಿದ್ದು ನೂರಕ್ಕೆ ನೂರು ಸರಿ, ವರ್ಷಾ ವರ್ಷಾ ಬರೋದು ಅದೇ ಇರ್ಬೋದು. ಅವರೇ ನಿಮ್ಮೂರಿನ ಮೊದಲ ಪಕ್ಷಿ ವೀಕ್ಷಕರು.

ಪಿಕಳಾರದಕ್ಕ:

ನಂಗೆ ಹೊಟ್ಟೆಕಿಚ್ಚು. ಎಂಟು ವರ್ಷದಿಂದ ನೋಡ್ತಿದೀನಿ, ಕಾಡು ಸಿಪಿಲೆ ನಂಗೆ ಸಿಕ್ಕಿದ್ದು ಎರಡೇ ಸಲ, ನೀವು ಲ್ಯಾಪ್‌ಟಾಪ್ ಮುಂದೆ ಕೂತೇ ನೋಡ್ಬಿಟ್ರಿ. ಇರ್ಲಿ.

ಮೇಷ್ಟ್ರು ಬೇಲಿ ಹತ್ರ ಕೂತ್ಕೊಳ್ಳಿ ಅಂದ್ರಲ್ಲ, ಕಲ್ಲಿನ ಮೇಲೆ ಅಂದಿದ್ದು ಒಳ್ಳೇದಾಯ್ತು, ದರಗಿನ ಮೇಲೆ ಮಾತ್ರ ಕೂರ್ಬೇಡಿ. ನಾನು ಆರೋಗ್ಯ ಇಲಾಖೇಲಿ ಕೆಲ್ಸ ಮಾಡೋಳು, ಬೋರ್ ಹೊಡ್ಸಿದ್ರೂ ಇದನ್ನ ಹೇಳ್ದೆ ಬಿಡಲ್ಲ. ಮಳೆ ಕಳೆದ್ರೆ ಇಂಬಳ ಕಮ್ಮಿ ಆಗುತ್ತೆ ಅಂತ ಎಲ್ರೂ ಖುಷಿ ಪಡ್ತಾರೆ, ಆದ್ರೆ ಇಂಬಳ ಹೋಗೋ ಟೈಮಿಗೆ ಉಣುಗು ಅನ್ನೋ ರಕ್ತ ಹೀರೋ ಸಣ್ಣ ಹುಳ ಶುರು. ಅದು ಕಚ್ಚಿದ್ರೆ ಬರೋ ಮಂಗನ ಕಾಯಿಲೆ ಸೀಸನ್ ನವೆಂಬರ್ ಡಿಸೆಂಬರಿಂದ ಮೇ ತನಕ, ಅಂದ್ರೆ ಕರೆಕ್ಟಾಗಿ ನಾವು ಹಕ್ಕಿ ನೋಡಕ್ಕೆ ಹೊರಡೋ ಟೈಮು. ಈ ಕಾಯಿಲೆ 1957ರಲ್ಲಿ ಮೊದ್ಲು ಗೊತ್ತಾಗಿದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ, ಇಂಗ್ಲಿಷಲ್ಲಿ ಹೆಸರೂ ಅದೇ ಬಂತು. 2018–19ರಲ್ಲಿ ಸಾಗರದ ಅರಳಗೋಡು ಕಡೆ ಇದೇ ಕಾಯಿಲೇಲಿ ಜನ ಸತ್ತಿದ್ದು ಗೊತ್ತಿರೋರಿಗೆ ಹೆಚ್ಚು ಹೇಳೋದು ಬೇಡ. ಎಳ್ಳು ಕಾಳಷ್ಟೂ ಇರಲ್ಲ ಆ ಮರಿ ಉಣುಗು, ಕಚ್ಚಿದ್ದೂ ಗೊತ್ತಾಗಲ್ಲ.

ಸೊಪ್ಪಿನ ಬೆಟ್ಟಕ್ಕೆ ಹೋಗೋದಾದ್ರೆ ಉದ್ದ ಪ್ಯಾಂಟು, ಪ್ಯಾಂಟನ್ನ ಸಾಕ್ಸ್ ಒಳಗೆ ತೂರಿಸಿ, ಚಂದ ಕಾಣಲ್ಲ ಪರ್ವಾಗಿಲ್ಲ ಹಕ್ಕಿಗೇನು. ಕೈ ಕಾಲಿಗೆ ಉಣುಗು ಹತ್ತದಂಗೆ ತಡೆಯೋ ಡೀಪಾ ಎಣ್ಣೆ ಹಚ್ಕೊಳ್ಳಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಆಶಾ ಕಾರ್ಯಕರ್ತೆಯರ ಹತ್ರ ಕೇಳಿ. ಮನೆಗೆ ಬಂದ ತಕ್ಷಣ ಬಟ್ಟೆ ಬಿಸಿನೀರಿಗೆ, ನೀವು ಬಚ್ಚಲಿಗೆ. ಮಂಗ ಸತ್ತಿದ್ದು ಕಂಡ್ರೆ ಹತ್ರ ಹೋಗಿ ಫೋಟೋ ತೆಗೀಬೇಡಿ, ಪಂಚಾಯ್ತಿಗೋ ಆಸ್ಪತ್ರೆಗೋ ಹೇಳಿ. ಕಾಡಿಗೆ ಹೋಗಿ ಬಂದು ಇದ್ದಕ್ಕಿದ್ದಂಗೆ ಜೋರು ಜ್ವರ, ತಲೆನೋವು, ಮೈ ಕೈ ನೋವು ಬಂದ್ರೆ ಮಾತ್ರೆ ನುಂಗಿ ಮಲಗ್ಬೇಡಿ, ಡಾಕ್ಟ್ರ ಹತ್ರ ಹೋಗಿ ಕಾಡಿಗೆ ಹೋಗಿದ್ದೆ ಅಂತ ಬಾಯಿ ಬಿಟ್ಟು ಹೇಳಿ.

ಭಾಷಣ ಮುಗೀತು. ಈಗ ಹಕ್ಕಿ. ಕಾಡು ಸಿಪಿಲೆ ಸಿಕ್ಕಿದೆ ಅಂದ್ರೆ ನಿಮ್ಮ ತೋಟದಲ್ಲಿ ನವರಂಗ ಅನ್ನೋ ಹಕ್ಕೀನೂ (ಇಂಗ್ಲಿಷಲ್ಲಿ ಪಿಟ್ಟ) ಇರುತ್ತೆ, ಬರೆದಿಟ್ಕೊಳ್ಳಿ. ಅದೂ ಇಂಥದೇ ಒದ್ದೆ ದರಗಿನ ಹಕ್ಕಿ. ಬೆಳಿಗ್ಗೆ ಬೆಳಕು ಹರಿಯೋವಾಗ, ಸಂಜೆ ದೀಪ ಹಚ್ಚೋವಾಗ ಎರಡು ಸ್ವರದ ಸಿಳ್ಳೆ, ಮೊದಲನೇದು ಏರಿ ಎರಡನೇದು ಇಳಿಯುತ್ತೆ. ತಮಿಳರು ಅದನ್ನ ಆರು ಗಂಟೆ ಹಕ್ಕಿ ಅಂತಾರೆ, ಅಷ್ಟು ಸರಿಯಾದ ಟೈಮು.

ಕವಲೇದುರ್ಗದ ಕಡೆಯವ:

ನವರಂಗದ ವಿಷ್ಯ ಬಂದಿದ್ದಕ್ಕೆ ಹೇಳ್ತೀನಿ. ಹೋದ ವರ್ಷ ಇದೇ ಟೈಮಲ್ಲಿ ರಾತ್ರಿ ಹತ್ತೂವರೆ ಆಗಿತ್ತು, ಅಡಿಕೆ ಸುಲಿಯೋರು ಜಗಲೀಲಿ ಲೈಟ್ ಹಾಕ್ಕೊಂಡು ಕೂತಿದ್ರು, ಎಂತದೋ ದಢ್ ಅಂತ ಕಿಟಕಿ ಗಾಜಿಗೆ ಬಿತ್ತು. ನೋಡಿದ್ರೆ ಅಂಗೈ ಅಗಲದ ಹಕ್ಕಿ, ಬಾಲಾನೇ ಇಲ್ಲ ಅನ್ನಿಸೋ ಅಷ್ಟು ಮೋಟು, ಹೊಟ್ಟೆ ಕೆಳಗೆ ಕುಂಕುಮ, ರೆಕ್ಕೇಲಿ ನೀಲಿ, ಬೆನ್ನು ಹಸಿರು, ಕಣ್ಣಿಗೆ ಕಾಡಿಗೆ ಬಳಿದಂಗೆ ಪಟ್ಟಿ. ಸುಲಿಯೋ ಹೆಂಗಸ್ರೆಲ್ಲ ಮೆಟ್ಟುಗತ್ತಿ ಬಿಟ್ಟು ಎದ್ದು ಬಂದ್ರು. ಒಬ್ರು ಬಾಯಿಗೆ ನೀರು ಬಿಡಿ ಅಂದ್ರು, ಇನ್ನೊಬ್ರು ಅನ್ನ ಕೊಡಿ ಅಂದ್ರು, ನಮ್ಮ ಅಜ್ಜಿ ಯಾರ ಮಾತೂ ಕೇಳದೇ ಮೇಲೆ ಬುಟ್ಟಿ ಕವುಚಿ "ಸುಮ್ನೆ ಬಿಡಿ, ಅದಕ್ಕೆ ಸುಸ್ತಾಗಿದೆ" ಅಂದ್ರು. ಬೆಳಿಗ್ಗೆ ಬುಟ್ಟಿ ಎತ್ತಿದ್ರೆ ಎದ್ದು ನಿಂತಿತ್ತು, ಕುಪ್ಪಳಿಸ್ಕೊಂಡು ತೋಟಕ್ಕೆ ಹೋಯ್ತು.

ಅಜ್ಜಿ ಮಾಡಿದ್ದು ಸರೀನಾ ತಪ್ಪಾ? ಅವರು ಈಗಲೂ ದಿನಾ ಕೇಳ್ತಾರೆ "ಆ ಬಣ್ಣದ್ದು ಬಂತಾ" ಅಂತ.

ಪಿಕಳಾರದಕ್ಕ:

ಅಜ್ಜಿಗೆ ನನ್ನ ಕಡೆಯಿಂದ ಒಂದು ನಮಸ್ಕಾರ ಹೇಳಿ. ಅದೇ ಸರಿ. ಕತ್ತಲು ಮತ್ತು ನಿಶ್ಶಬ್ದ, ಅಷ್ಟೇ ಬೇಕಾಗಿರೋದು. ಬಾಯಿಗೆ ನೀರು ಬಿಟ್ರೆ ಶ್ವಾಸಕೋಶಕ್ಕೆ ಹೋಗಿ ಸಾಯ್ಬೋದು, ಅನ್ನ ಅದರ ಆಹಾರಾನೇ ಅಲ್ಲ. ತೂತು ಮಾಡಿದ ರಟ್ಟಿನ ಡಬ್ಬ ಆದ್ರೂ ಸರಿ, ಬುಟ್ಟಿ ಆದ್ರೂ ಸರಿ. ನವರಂಗ ಮರಿ ಮಾಡೋದು ಮಧ್ಯ ಭಾರತದಿಂದ ಹಿಮಾಲಯದ ತಪ್ಪಲಿನವರೆಗೆ, ಅಲ್ಲಿಂದ ಇಲ್ಲಿಗೆ ರಾತ್ರಿ ಹೊತ್ತು ಹಾರ್ಕೊಂಡು ಬರುತ್ತೆ, ದೀಪಕ್ಕೆ ದಾರಿ ತಪ್ಪಿ ಗಾಜಿಗೆ ಹೊಡ್ಕೊಳ್ಳೋದು ಈ ಸೀಸನ್‌ನಲ್ಲಿ ಮಾಮೂಲು. ಸುಲಿಯೋ ಕೆಲ್ಸ ಮುಗಿದ್ಮೇಲೆ ಹೊರಗಿನ ಲೈಟ್ ಆರ್ಸಿದ್ರೆ ಒಳ್ಳೇದು. ಬೆಕ್ಕಿದ್ರೆ ಒಳಗೆ ಹಾಕಿ.

ಎಂಟು ನಲವತ್ತೆರಡು:

ಬೈನಾಕ್ಯುಲರ್ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನನ್ನ ಹೆಸರೇ ಉತ್ತರ. 8×42. ಎಂಟು ಪಟ್ಟು ಹತ್ತಿರ ತೋರಿಸುತ್ತೆ, ಮುಂದಿನ ಗಾಜು 42 ಮಿಲಿಮೀಟರ್. ಅಂಗಡಿಯವ್ರು 10×50 ತಗೊಳ್ಳಿ, 20 ಪಟ್ಟು ತಗೊಳ್ಳಿ ಅಂತ ಆಸೆ ತೋರಿಸ್ತಾರೆ, ಬೇಡ. ಪಟ್ಟು ಜಾಸ್ತಿ ಆದಂಗೆ ಕೈ ನಡುಗಿದ್ದೂ ಅಷ್ಟೇ ಪಟ್ಟು ಕಾಣುತ್ತೆ, ಕಾಣೋ ಜಾಗ ಕಿರಿದಾಗುತ್ತೆ, ಆ ಎಲೆ ಸಂದೀಲಿ ಕುಣಿಯೋ ಹಕ್ಕೀನ ಗಾಜಿನೊಳಗೆ ತರೋಷ್ಟರಲ್ಲಿ ಅದು ಪಕ್ಕದ ಊರಲ್ಲಿರುತ್ತೆ. 42ನ 8ರಿಂದ ಭಾಗಿಸಿ, ಐದು ಚಿಲ್ರೆ ಬರುತ್ತಲ್ಲ, ಅಷ್ಟು ಮಿಲಿಮೀಟರ್ ಅಗಲದ ಬೆಳಕು ಕಣ್ಣಿಗೆ ಬರುತ್ತೆ. ಅದೇ 10×42 ಆದ್ರೆ ನಾಕು ಚಿಲ್ರೆ. ಬಯಲಲ್ಲಿ ವ್ಯತ್ಯಾಸ ಗೊತ್ತಾಗಲ್ಲ, ಅಡಿಕೆ ತೋಟದ ಕತ್ಲಲ್ಲಿ ಗೊತ್ತಾಗುತ್ತೆ. ಏಳೆಂಟು ಸಾವಿರಕ್ಕೆ ನೆಟ್ಟಗಿರೋದು ಸಿಗುತ್ತೆ. ಅದಕ್ಕಿಂತ ಕಮ್ಮಿದು ಜಾತ್ರೇಲಿ ಸಿಗೋದು, ಅದರಲ್ಲಿ ಒಂದು ಕಾಗೆ ಎರಡಾಗಿ ಕಾಣುತ್ತೆ.

ತಗೊಂಡ್ಮೇಲೆ ಕಷ್ಟ ಶುರು. ನನ್ನ ಮೊದಲ್ನೇದನ್ನ ಅದರದ್ದೇ ಬ್ಯಾಗಲ್ಲಿ ಹಾಕಿ ಬೀರುವಲ್ಲಿಟ್ಟಿದ್ದೆ, ಜೂನಿಂದ ಸೆಪ್ಟೆಂಬರ್ ತನಕ ಮುಟ್ಟಿಲ್ಲ. ದಸರಾಕ್ಕೆ ತೆಗೆದು ನೋಡಿದ್ರೆ ಗಾಜಿನ ಒಳಗೆ ಜೇಡರ ಬಲೆ ಥರ ಬೂಷ್ಟು. ಕ್ಲೀನ್ ಮಾಡಿಸಕ್ಕೆ ಶಿವಮೊಗ್ಗದಲ್ಲಿ ಒಂದು ಅಂಗಡಿಗೆ ಕೊಟ್ಟೆ, ಅವ್ರು ಬಿಚ್ಚಿ ಮತ್ತೆ ಜೋಡ್ಸಿದ ಮೇಲೆ ಎರಡು ಕಣ್ಣಿಗೆ ಎರಡು ಬೇರೆ ಬೇರೆ ಪ್ರಪಂಚ ಕಾಣಕ್ಕೆ ಶುರುವಾಯ್ತು, ತಲೆನೋವು ಬರುತ್ತೆ. ಈಗ ಅಡಿಗೆ ಮನೆ ಡಬ್ಬ, ಗಾಳಿ ಆಡದ ಮುಚ್ಚಳದ್ದು, ಅದರೊಳಗೆ ಒಂದು ಹಿಡಿ ತೇವ ಹೀರೋ ಸಿಲಿಕಾ ಜೆಲ್. ಜೆಲ್ ಬಣ್ಣ ಬದಲಾದಾಗ ಬಾಣಲೇಲಿ ಸಣ್ಣ ಉರೀಲಿ ಬಿಸಿ ಮಾಡಿ ಮತ್ತೆ ಹಾಕೋದು, ಅಡಿಗೆ ಬಾಣಲೆ ಅಲ್ಲ, ಅದಕ್ಕೇ ಬೇರೆ ಇಟ್ಕೊಳ್ಳಿ, ಅಮ್ಮನ ಹತ್ರ ಬೈಸ್ಕೊಂಡ ಅನುಭವ ಇದೆ.

ಫೋನಿಗೆ ಮರ್ಲಿನ್ ಆಪ್ ಹಾಕ್ಕೊಳ್ಳಿ, ಕಾರ್ನೆಲ್ ವಿಶ್ವವಿದ್ಯಾಲಯದವ್ರು ಮಾಡಿದ್ದು, ದುಡ್ಡಿಲ್ಲ. ಭಾರತದ ಪ್ಯಾಕ್ ಒಂದು ಸಲ ಡೌನ್‌ಲೋಡ್ ಮಾಡಿದ್ರೆ ನೆಟ್‌ವರ್ಕ್ ಇಲ್ಲದಿದ್ರೂ ನಡ್ಯುತ್ತೆ. ಕೂಗು ಕೇಳಿಸಿದ್ರೆ ಹೆಸರು ಹೇಳುತ್ತೆ, ಆದ್ರೆ ಅದನ್ನ ಪಂಚಾಂಗ ಅಂತ ನಂಬ್ಬೇಡಿ. ಒಂದು ದಿನ ಕುಂದಾದ್ರಿ ದಾರೀಲಿ ಐದು ನಿಮಿಷದಲ್ಲಿ ನಾಕು ಹಕ್ಕಿ ಹೆಸರು ತೋರಿಸ್ತು, ಅದರಲ್ಲಿ ಒಂದು ಹಾವುಗಿಡುಗ. ತಲೆ ಎತ್ತಿ ನೋಡಿದ್ರೆ ಇದ್ದದ್ದು ಒಂದೇ ಒಂದು ಭೀಮರಾಜ, ಮಿಮಿಕ್ರಿ ಮಾಡ್ತಾ ಕೂತಿತ್ತು. ಆಪಿಗೂ ಟೋಪಿ ಹಾಕ್ತು.

ಕೈ ಮುಗಿದು ಒಂದು ಮಾತು. ಹಕ್ಕಿ ಕೂಗನ್ನ ಫೋನಲ್ಲಿ ಪ್ಲೇ ಮಾಡಿ ಕರೀಬೇಡಿ. ಆಗುಂಬೆ ಕಡೆ ಒಬ್ಬ ಗೈಡ್ ಜೊತೆ ಹೋಗಿದ್ದೆ, ಕಪ್ಪೆಬಾಯಿ ಹಕ್ಕಿ ತೋರಿಸ್ತೀನಿ ಅಂತ. ಅದು ಹಗಲೆಲ್ಲ ಒಣಗಿದ ಎಲೆ ಥರ ಜೋಡಿಯಾಗಿ ಅಂಟ್ಕೊಂಡು ಕೂತಿರುತ್ತೆ, ದಿನಾ ಅದೇ ಕೊಂಬೆ. ಹಂಗಾಗಿ ಒಂದು ಸಲ ಜಾಗ ಗೊತ್ತಾದ್ರೆ ಮುಗೀತು, ನಾವು ಹೋದಾಗ ಆಗ್ಲೇ ಆರು ಕ್ಯಾಮೆರಾ. ಒಬ್ಬ ಅಡ್ಡ ಬಂದ ಬಳ್ಳಿ ಕಡೀತಿದ್ದ, ನಮ್ಮ ಗೈಡು ಸ್ಪೀಕರಲ್ಲಿ ಕೂಗು ಹಾಕ್ದ. ಫೋಟೋ ಸಿಕ್ತು. ನಾನು ಅದನ್ನ ಎಲ್ಲೂ ಹಾಕಿಲ್ಲ.

ಮೇಷ್ಟ್ರು ನಿವೃತ್ತ:

ಪೂರ್ತಿ ಒಪ್ಪಿಗೆ, ಒಂದು ತಿದ್ದುಪಡಿ ಜೊತೆ. ಆಪ್ ನಂಬ್ಬೇಡಿ ಅಂತ ಮಾತ್ರ ಹೇಳಿದ್ರೆ ಸಾಲದು, ಮೊದಲ ಎರಡು ತಿಂಗಳು ಆಪ್ ತೆರೀಲೇ ಬೇಡಿ ಅಂತೀನಿ ನಾನು. ಬಾಲ ಯಾವ ಕಡೆ ಅಲ್ಲಾಡುತ್ತೆ ಅಂತ ಯಾವ ಆಪೂ ಈ ಹುಡುಗನಿಗೆ ಕೇಳ್ತಿರಲಿಲ್ಲ.

ಎಂಟು ನಲವತ್ತೆರಡು:

ಮೇಷ್ಟ್ರೇ, ನಿಮ್ಮಂಥವ್ರು ಪಕ್ಕದಲ್ಲಿ ಇಲ್ಲದವ್ರು ಏನ್ ಮಾಡ್ಬೇಕು? ನಂಗೆ ಕಲಿಸಿದ್ದೇ ಆ ಆಪು. ಇಬ್ರೂ ಇರ್ಲಿ ಬಿಡಿ.

ಅಂಜನಾಪುರ ಕೆರೆಏರಿ:

ಎಲ್ರೂ ತೋಟ ತೋಟ ಅಂತಿದೀರಿ, ಶಿಕಾರಿಪುರದ ಕಡೆ ನಮಗೆ ತೋಟಕ್ಕಿಂತ ಕೆರೆ ಜಾಸ್ತಿ, ಸ್ವಲ್ಪ ನಮ್ಮ ಕಡೇನೂ ಬನ್ನಿ. ಡಿಸೆಂಬರ್ ಹೊತ್ತಿಗೆ ಕೆರೇಲಿ ಸೂಜಿಬಾಲದ ಬಾತು ಇಳೀತಾವೆ, ದೂರದಿಂದ ನೀರ ಮೇಲೆ ಕಪ್ಪು ಚುಕ್ಕಿ, ಸಂಜೆ ಎದ್ದಾಗ ಆಕಾಶ ತುಂಬಾ ರೆಕ್ಕೆ ಸದ್ದು. ಕೊಯ್ದ ಗದ್ದೆ ಮೇಲೆ ಸೆಳೆವ ಅನ್ನೋ ಗಿಡುಗಗಳು ರೆಕ್ಕೆ ಎತ್ತಿ ಹಿಡ್ಕೊಂಡು ತಗ್ಗಲ್ಲಿ ತೇಲ್ತಾ ಹೋಗ್ತಾವೆ, ಇಲಿ ಹುಡುಕ್ತಾ. ಕರೆಂಟ್ ತಂತಿ ಮೇಲೆ ಸಾಲಾಗಿ ಅಂಬರಗುಬ್ಬಿ.

ಪಟ್ಟೆತಲೆ ಹೆಬ್ಬಾತು ನೋಡ್ಬೇಕು ಅಂದ್ರೆ ಮಾತ್ರ ಗದಗ ಜಿಲ್ಲೆ ಮಾಗಡಿ ಕೆರೆಗೆ ಹೋಗ್ಬೇಕು, ಒಂದು ದಿನದ ಕೆಲ್ಸ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟ್ಕೊಂಡು ಬರೋ ಹಕ್ಕಿ ಅದು. ಹಗಲು ಕೆರೇಲಿ ನಿದ್ದೆ, ಸಂಜೆ ಮೇಲೆ ಹೊಲಕ್ಕೆ ಮೇಯಕ್ಕೆ ಹೋಗೋದು. 2024ರಲ್ಲಿ ಆ ಕೆರೆಗೆ ರಾಮ್ಸಾರ್ ಪಟ್ಟ, ಅಂದ್ರೆ ಜಗತ್ತಿನ ಮುಖ್ಯ ಜೌಗು ಪ್ರದೇಶ ಅನ್ನೋ ಮಾನ್ಯತೆ, ಸಿಕ್ಕಿದೆ, ನಮ್ಮ ಅಘನಾಶಿನಿ ಅಳಿವೆಗೂ ಅದೇ ಸಲ ಸಿಕ್ತು. ಮಕ್ಕಳನ್ನ ಅಲ್ಲಿಗೆ ಕರ್ಕೊಂಡು ಹೋಗಿ, ಜನವರೀಲಿ. ಸಾವಿರದಲ್ಲಿ ಎಷ್ಟನೇದು ಅಂತ ಆ ಪುಟ್ಟಿ ಎಣಿಸ್ಲಿ.

ಗಾಜನೂರು ಹಿನ್ನೀರು:

ಪುಟ್ಟಿಗೆ ಅಷ್ಟು ದೂರ ಯಾಕೆ, ಫೆಬ್ರವರಿ ಮಾರ್ಚಲ್ಲಿ ಲಕ್ಕವಳ್ಳಿಗೆ ಕರ್ಕೊಂಡು ಹೋಗ್ಲಿ. ಭದ್ರಾ ಹಿನ್ನೀರು ಇಳಿದಾಗ ಎದ್ದೇಳೋ ನಡುಗಡ್ಡೆಗಳ ಮೇಲೆ ನದಿ ರೀವ ಹಕ್ಕಿಗಳು (ರಿವರ್ ಟರ್ನ್) ಬರೀ ನೆಲದಲ್ಲೇ ಮೊಟ್ಟೆ ಇಡ್ತಾವೆ. ಮಂಡಗದ್ದೇಲಿ ನೀರು ಏರಿದಾಗ ಗೂಡು, ಅಲ್ಲಿ ನೀರು ಇಳಿದಾಗ ಗೂಡು. ಈಗ ಹೋದ್ರೆ ಅಲ್ಲೂ ಬಜ್ಜೀನೇ ಗತಿ.

ಅಂದಹಾಗೆ ನಾನು ಮೊದ್ಲು ಎರಡನ್ನೂ ಬೂದು ಸಿಪಿಲೆ ಅಂದಿದ್ದು ತಪ್ಪು, ಒಪ್ಕೋತೀನಿ. ಕುಂಡೆ ಎರಡೂ ಕುಸ್ಕುತ್ತೆ, ದಿಕ್ಕು ಮಾತ್ರ ಬೇರೆ.

ಸೋಗೆಅಂಗಳ:

ಎಲ್ರಿಗೂ ಥ್ಯಾಂಕ್ಸ್, ಇಷ್ಟು ಉತ್ತರ ಬರುತ್ತೆ ಅಂದ್ಕೊಂಡಿರಲಿಲ್ಲ. ಹತ್ತು ದಿನ ಆಯ್ತು, ವರದಿ ಕೊಡ್ತೀನಿ.

ಮೇಷ್ಟ್ರು ಹೇಳಿದಂಗೆ ಬೇಲಿ ಹತ್ರ ಕೂತೆ, ಅಕ್ಕ ಹೇಳಿದಂಗೆ ಪ್ಯಾಂಟು ಸಾಕ್ಸೊಳಗೆ, ಡೀಪಾ ಎಣ್ಣೆ ಹಚ್ಕೊಂಡು. ಅಡಿಕೆ ಕೊನೆ ಕೊಯ್ಯಕ್ಕೆ ಬಂದವ್ರು ಮರದ ಮೇಲಿಂದ ನೋಡಿ "ಸಣ್ಣಯ್ಯಂಗೆ ಎಂತ ಆಯ್ತು" ಅಂತ ಕೇಳಿದ್ರಂತೆ. ನಾಕು ದಿನ ಮಿಶ್ರ ಗುಂಪು ಬರಲೇ ಇಲ್ಲ. ಐದನೇ ದಿನ ಬಂತು. ಏನೇನಿತ್ತು ಕೇಳ್ಬೇಡಿ, ಭೀಮರಾಜ ಒಂದು, ಚಿತ್ರಪಕ್ಷಿ ಗಂಡು ಹೆಣ್ಣು, ಉಳಿದಿದ್ದೆಲ್ಲ "ಸಣ್ಣ ಹಸಿರು" ಅಂತ ಬರ್ಕೊಂಡಿದೀನಿ.

ಒಂದು ಎಡವಟ್ಟಾಗಿತ್ತು. ಅಪ್ಪಯ್ಯ ತೋಟದ ದರಗೆಲ್ಲ ಬಳಿದು ಕೊಟ್ಟಿಗೆಗೆ ಹಾಕಿಸೋಣ ಅಂತ ಇಬ್ರು ಆಳು ಹೇಳಿದ್ರು. ನಾನು ಬೇಡ ಅಂದೆ, ಕಾರಣ ಹೇಳಿದೆ. ಅಪ್ಪಯ್ಯ ಸ್ವಲ್ಪ ಹೊತ್ತು ನನ್ನ ಮುಖ ನೋಡಿದ್ರು, "ಕೊರಿಯಾದಿಂದ ಬಂದಿದ್ಯಾ" ಅಂದ್ರು, ಹೌದು ಅಂದೆ. ಬಸಿಗಾಲುವೆ ಪಕ್ಕದ ನಾಕು ಸಾಲು ಬಿಟ್ಟು ಉಳಿದಿದ್ದು ಬಳಿಸಿದ್ರು. ನಿನ್ನೆ ನೋಡಿದ್ರೆ ಕಾಡು ಸಿಪಿಲೆ ಆ ನಾಕು ಸಾಲಲ್ಲೇ ಇತ್ತು, ಆದ್ರೆ ಒಂದಲ್ಲ, ಎರಡು.

ನವರಂಗ ಇನ್ನೂ ಕಂಡಿಲ್ಲ. ಸಿಳ್ಳೆ ಕೇಳಿದೆ ಅಂತ ಅನುಮಾನ, ಆದ್ರೆ ಅದು ಪಕ್ಕದ ಮನೆ ಹುಡುಗ ಮೊಬೈಲಲ್ಲಿ ಎಂತದೋ ಹಾಕ್ಕೊಂಡಿದ್ದೂ ಇರ್ಬೋದು.

ಬೈನಾಕ್ಯುಲರ್ 8×42 ಆರ್ಡರ್ ಹಾಕಿದೀನಿ, ಗುರುವಾರ ಬರುತ್ತಂತೆ. ಅಪ್ಪಯ್ಯಂಗೆ ಎರಡು ಸಾವಿರ ಅಂತ ಹೇಳಿದೀನಿ, ಇಲ್ಲಿ ನಮ್ಮೂರ ಕಡೆಯವ್ರು ಯಾರಾದ್ರೂ ಇದ್ರೆ ದಯವಿಟ್ಟು ಬಾಯಿ ಬಿಡ್ಬೇಡಿ.